ಸೋನಾಲಿಗೆ ಕ್ಯಾಮೆರಾ ತಂದದ್ದು

ಮನೆಗೆ ಕ್ಯಾಮೆರಾ ಇನ್ನೂ ಬಂದೇ ಇರಲಿಲ್ಲ, ಅಷ್ಟರಲ್ಲೇ ಅದರ ಕಾಟಕ್ಕೆ ಗುರುಬಾಯಿಗೆ ಸಾಕುಸಾಕಾಗಿ ಹೋಗಿತ್ತು. ರೊಟ್ಟಿ ಬಡಿಯುವಾಗ ಅದರ ಮಾತು, ನೀರು ತುಂಬುವಾಗ ಅದರ ಮಾತು, ಉಣ್ಣಲು ಕೂತರೂ ಅದರದೇ ಮಾತು. ಮುಂಬೈಯ ವಿಕ್ರೋಳಿಯಲ್ಲಿ, ಕೊಳೆಗೇರಿಯವರಿಗೆಂದು ಕಟ್ಟಿದ ಎಸ್‌ಆರ್‌ಎ ಬಿಲ್ಡಿಂಗಿನ ಆರನೇ ಮಹಡಿಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆ. ಅಷ್ಟು ಸಣ್ಣ ಜಾಗದಲ್ಲಿ ಒಬ್ಬರ ತಲೆಯೊಳಗಿನ ಕ್ಯಾಮೆರಾ ಇನ್ನೊಬ್ಬರ ಕಾಲಿಗೆ ತೊಡರುತ್ತಿತ್ತು.

ಬೇಕಾಗಿದ್ದುದು ಮಗಳು ಸೋನಾಲಿಗೆ. ಆಕೆ ಸಯನ್ನಿನ ಕಾಲೇಜಿನಲ್ಲಿ ಮಾಸ್ ಮೀಡಿಯಾದ ಕೊನೆಯ ವರ್ಷ ಓದುತ್ತಿದ್ದಳು. ಹಿಂದಿನ ವರ್ಷ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕೂತು ಕಾಯಿಪಲ್ಲೆ ಸೋಸುವ ಹೆಂಗಸರನ್ನು ಫೋನಿನಲ್ಲೇ ತೆಗೆದು ಸಣ್ಣದೊಂದು ಫಿಲ್ಮ್ ಮಾಡಿದ್ದಳು. ಅದನ್ನು ಕಾಲೇಜಿನ ಹಾಲಿನಲ್ಲಿ ಎಲ್ಲರ ಮುಂದೆ ತೋರಿಸಿದ ದಿನದಿಂದ ಸಿನೆಮಾ ಬಿಟ್ಟು ಬೇರೆ ಮಾತಿಲ್ಲ. ಈ ವರ್ಷ ಮಾಡುವ ಫಿಲ್ಮ್ ನೋಡಿ ಅಂಧೇರಿಯ ಒಂದು ಕಂಪನಿ ಇಬ್ಬರನ್ನೋ ಮೂವರನ್ನೋ ಕೆಲಸಕ್ಕೆ ಕರೆಯುತ್ತದಂತೆ. ಕಾಲೇಜಿನ ಕ್ಯಾಮೆರಾಗಳಿಗೆ ಪಾಳಿ ಹಚ್ಚಿ ನಿಂತರೆ ಒಂದು ದಿನದ ಮಟ್ಟಿಗೆ ಕೈಗೆ ಸಿಗುತ್ತವೆ, ಮರುದಿನ ಇನ್ನೊಬ್ಬರ ಕೈಗೆ.

ಗುರುಬಾಯಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಆ ಸಲ ಹೆಂಗಸರು ಸೇರಿ ಹಾಕುವ ಚೀಟಿ, ಭಿಶಿ, ಅವಳ ಹೆಸರಿಗೆ ಎದ್ದಿತ್ತು. ಅದರಲ್ಲಿ ಬಟ್ಟೆ ಒಗೆಯುವ ಮಶೀನು ತರಬೇಕೆಂದು ಅವಳು ಎಂದೋ ಗೊತ್ತು ಮಾಡಿಕೊಂಡಿದ್ದಳು. ಗಂಡ ನಿಂಗಣ್ಣ ಸ್ಲ್ಯಾಬು, ಪ್ಲಾಸ್ಟರಿನ ಕೆಲಸಕ್ಕೆ ಕೂಲಿಯಾಳು ಕರೆದೊಯ್ಯುವ ಮುಕಾದಮ. ಅವನ ಅಂಗಿ ಪ್ಯಾಂಟಿಗೆ ಹಿಡಿದ ಸಿಮೆಂಟು ತಿಕ್ಕಿ ತಿಕ್ಕಿ ಅವಳ ಮಣಿಕಟ್ಟು ಸೋತಿತ್ತು. ಆದರೆ ನಿಂಗಣ್ಣ, "ಮಶೀನು ಎಲ್ಲಿ ಓಡಿ ಹೋಗ್ತದ? ಮೊದಲ ಹುಡುಗೀದು ಆಗಲಿ" ಅಂದುಬಿಟ್ಟ. ಮಗಳ ಓದಿನ ಮುಂದೆ ಗುರುಬಾಯಿಗೂ ಬಾಯಿ ಏಳಲಿಲ್ಲ.

ಕೊಡುವುದೇನೋ ನಿಕ್ಕಿಯಾಯಿತು, ಯಾವುದನ್ನು ಕೊಡುವುದು ಎಂಬುದು ನಿಕ್ಕಿಯಾಗಲಿಲ್ಲ.

ಭಾನುವಾರ ಗುರುಬಾಯಿಯ ತಮ್ಮ ಶಶಿಕಾಂತ ಊಟಕ್ಕೆ ಬಂದ. ಮಲಾಡಿನ ಕಡೆ ಸೀರಿಯಲ್ ಶೂಟಿಂಗುಗಳಲ್ಲಿ ಲೈಟು ಹೊರುವ ಕೆಲಸ ಅವನದು. ಅದೊಂದು ಕಾರಣಕ್ಕೆ ಸಿನೆಮಾದ ವಿಷಯದಲ್ಲಿ ಕೊನೆಯ ಮಾತು ತನ್ನದೇ ಆಗಬೇಕೆಂದು ಅವನಿಗೆ ಅನಿಸುತ್ತಿತ್ತು.

"ಅಕ್ಕಾ, ಅಂಗಡ್ಯಾಗಿನ ಹೊಸಾವೆಲ್ಲ ಆಟಿಗಿ ಸಾಮಾನು" ಅಂದ, ರೊಟ್ಟಿ ಮುರಿಯುತ್ತ. "ನಮ್ಮ ಸೆಟ್‌ನ್ಯಾಗ ಒಬ್ಬಾಂವ ಕ್ಯಾಮೆರಾದ ಬಾಡಿ ಮಾರ್ಲಾಕತ್ತಾನ. ದೊಡ್ಡ ಸಿನೆಮಾದವ್ರು ಹಿಡಿಯೂವಂಥಾದ್ದು. ನಾ ಕೊಡಸ್ತೀನಿ. ಲೆನ್ಸು ಆಮ್ಯಾಲ ನೋಡಿದ್ರಾತು."

"ಆಮ್ಯಾಲ ಅಂದ್ರ?" ನಿಂಗಣ್ಣ ಕೇಳಿದ.

"ಬಾಡಿ ಬ್ಯಾರೆ ಮಾವಾ, ಲೆನ್ಸು ಬ್ಯಾರೆ."

"ಲೆನ್ಸು ಇಲ್ಲದ ಬಾಡಿ ಏನ ಮಾಡ್ತದ?"

"ಏನೂ ಮಾಡೂದಿಲ್ಲ. ಮನ್ಯಾಗಿರ್ತದ."

"ಎಮ್ಮಿ ಇವತ್ತ ತಂದು ಕೆಚ್ಚಲ ಮುಂದಿನ ವರ್ಷ ತರಬೇಕೇನು?"

ಮೂಲೆಯಲ್ಲಿ ಕೂತಿದ್ದ ನಿಂಗಣ್ಣನ ತಾಯಿ ದೇವಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೋನಾಲಿ ನಗಲಿಲ್ಲ. "ಅಪ್ಪಾ, ಐಸಾಹಿ ಹೋತಾ ಹೈ. ಎಲ್ಲಾ ಛಲೋ ಕ್ಯಾಮೆರಾದ್ದು ಲೆನ್ಸ್ ಬೇರೇನೇ ಇರ್ತದ" ಅಂದಳು. ಆಕೆಯ ಕನ್ನಡ ಹೀಗೆಯೇ, ನಡುನಡುವೆ ಹಿಂದಿಗೆ ಕಾಲಿಟ್ಟು ದಾಟುವಂಥದ್ದು.

"ಹಂಗಾದ್ರ ಮಾಮಾ ಹೇಳಿದ್ದು ತಗೋತಿ?" ಗುರುಬಾಯಿ ಕೇಳಿದಳು.

"ನಹೀ ಅವ್ವಾ. ಅದು ಬಹಳ ಹಳೇ ಮಾಡೆಲ್."

"ಮತ್ತ ಯಾವುದು ಬೇಕು?"

"ದೇಖ್ ರಹೀ ಹೂಂ ನಾ."

ಆ ನೋಡುವುದೇ ಮುಗಿಯುತ್ತಿರಲಿಲ್ಲ. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಸೋನಾಲಿ ಕ್ಯಾಮೆರಾಗಳ ವಿಡಿಯೋ ನೋಡುವಳು. ಯಾರೋ ಒಬ್ಬ ಹುಡುಗ ಪೆಟ್ಟಿಗೆ ಬಿಚ್ಚಿ ಅರ್ಧ ತಾಸು ಇಂಗ್ಲಿಷಿನಲ್ಲಿ ಹೊಗಳುವನು. ಸೋಮವಾರ ಒಂದು ಪಸಂದಾದರೆ ಗುರುವಾರದೊಳಗೆ ಅದರ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ತಿಳಿಯುವುದು. ಇನ್ನೊಂದರ ಬ್ಯಾಟರಿ ಗಟ್ಟಿ, ಆದರೆ ಬಿಸಿಯಾಗುತ್ತದೆ. ಮತ್ತೊಂದು ಬಿಸಿಯಾಗುವುದಿಲ್ಲ, ಆದರೆ ಕತ್ತಲೆಯಲ್ಲಿ ಕಾಣುವುದಿಲ್ಲ.

"ಮದುವಿಗೆ ಗಂಡು ನೋಡಿದ್ರೂ ಇಷ್ಟು ದಿನಾ ಹಿಡಿಯೂದಿಲ್ಲ" ಎಂದು ಗುರುಬಾಯಿ ಒಂದು ಮುಂಜಾನೆ ರೇಗಿದಳು. "ಆ ಫೋನು ತಗಿ, ಹಿಟ್ಟ ತಗೋಬೇಕು. ತಗೊಂಡ ಮ್ಯಾಲ ಅದ್ರಾಗ ಏನ ತಗೀತಿ, ಅದರೆ ಹೇಳು."

ಸೋನಾಲಿ ಫೋನು ಎತ್ತಿಕೊಂಡಳು. "ಸಬ್ಜೆಕ್ಟ್ ಆಮೇಲೆ ಹೇಳ್ತೀನಿ."

"ಯಾಕ, ಈಗೇನಾಗ್ಯದ?"

"ಈಗ ಹೇಳಿದ್ರೆ ನೀ ಸಿಟ್ಟಿಗೆ ಬರ್ತೀ."

"ಸಿಟ್ಟಿಗಿ ಈಗಾಗಲೇ ಬಂದೀನಿ" ಎಂದು ಗುರುಬಾಯಿ ಹಿಟ್ಟು ಮಿದ್ದತೊಡಗಿದಳು.

ಕೊನೆಗೆ ಈ ಹಗ್ಗ ಜಗ್ಗಾಟಕ್ಕೆ ಬೇಸತ್ತು ಕ್ಯಾಮೆರಾ ತಂದವನು ನಿಂಗಣ್ಣ. ಒಂದು ಸಂಜೆ ರಿಕ್ಷಾದಿಂದ ಇಳಿದು, ಲಿಫ್ಟು ಕೆಟ್ಟಿದ್ದರಿಂದ ಆರು ಮಹಡಿ ಹತ್ತಿ, ಕರಿಯ ದೊಡ್ಡ ಪೆಟ್ಟಿಗೆಯೊಂದನ್ನು ಖೋಲಿಯ ನಡುವೆ ಇಟ್ಟ. ಬೆವರು ಒರೆಸಿಕೊಳ್ಳಲೂ ಇಲ್ಲ, ಪೆಟ್ಟಿಗೆ ಬಿಚ್ಚಿದ. ಒಳಗೆ ಮದುವೆ ಮನೆಗಳಲ್ಲಿ ಹೆಗಲ ಮೇಲೆ ಹೊತ್ತು ತಿರುಗುವ ಭಾರೀ ವಿಡಿಯೋ ಕ್ಯಾಮೆರಾ ಇತ್ತು. ಮಲಾಡಿನಲ್ಲಿ ಸಿಂದಗಿ ಕಡೆಯ ಇಮಾಮಸಾಬ ಎಂಬವರು ವರ್ಷಾನುಗಟ್ಟಲೆ ಮದುವೆ ಶೂಟಿಂಗ್ ಮಾಡಿ, ಈಗ ಮೊಣಕಾಲು ನೋವೆಂದು ಧಂದೆ ನಿಲ್ಲಿಸುತ್ತಿದ್ದರು. ಅವರಿಂದ ತಂದದ್ದು.

"ನೋಡ್ರಿ" ಅಂದ ನಿಂಗಣ್ಣ. "ಇದಕ್ಕ ಅಂತಾರ ಕ್ಯಾಮೆರಾ."

ದೇವಕ್ಕ ಎದ್ದು ದೇವರ ಮುಂದಿನ ಅರಿಸಿನದ ಭಂಡಾರ ತಂದು ಅದರ ನೆತ್ತಿಗೆ ಹಚ್ಚಿದಳು, ಮೇಲೆ ಕುಂಕುಮವಿಟ್ಟಳು. ಸೋನಾಲಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ಗುರುಬಾಯಿಗೆ ಇನ್ನು ಮುಂದೇನೆಂಬುದು ತಿಳಿದುಹೋಯಿತು.

"ಅಪ್ಪಾ, ಯೇ ತೋ ಶಾದಿವಾಲಾ ಹೈ."

"ಶಾದಿ ತಗೀತದಂದ್ರ ಮತ್ತೊಂದು ತಗಿಯೂದಿಲ್ಲೇನು?"

"ನಾ ಇದನ್ನ ಎತ್ತೂದು ಹೆಂಗ?"

"ಕಲಿಬೇಕು. ನಿಮ್ಮವ್ವ ಏನೇನ ಎತ್ಯಾಳ, ಕೇಳು ಆಕೀಗಿ."

"ಅದೆಲ್ಲ ಈಗ ಯಾಕ" ಎಂದು ಗುರುಬಾಯಿ ತಟ್ಟನೆ ಮಾತು ಕಡಿದಳು. "ಪ್ಯಾಟಿಗಿ ಹೋಗೂಮುಂದ ಒಂದು ಮಾತು ಕೇಳಬೇಕಿತ್ತು ನೀವು. ಆಕೀನ್ನ ಬ್ಯಾಡ, ನನ್ನನ್ನರೆ."

"ಕೇಳಿದ್ರ ಇನ್ನೊಂದು ವರ್ಷ ಕೇಳ್ಕೋತನೇ ಕೂಡಬೇಕಾಗ್ತಿತ್ತು" ಅಂದ ನಿಂಗಣ್ಣ. ಅದೂ ಸುಳ್ಳಲ್ಲ. ಆ ದಿನ ಅಡುಗೆ ತಣ್ಣಗಾಗಿ ಕೂತಿತು. ಉಂಡವಳು ದೇವಕ್ಕ ಒಬ್ಬಳೇ.

ಅಪ್ಪನ ಮನಸ್ಸು ನೋಯಿಸಬಾರದೆಂದೋ ಏನೋ, ಎರಡು ದಿನ ಬಿಟ್ಟು ಸೋನಾಲಿ ಮುಂಜಾನೆಯೇ ಆ ಕ್ಯಾಮೆರಾ ಹೊತ್ತುಕೊಂಡು ಹೊರಟಳು. ಆ ವಾರ ಗುರುಬಾಯಿಗೆ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಪಾಳಿ. ಬಟ್ಟೆ ನೆನೆಹಾಕುತ್ತಿದ್ದವಳು ಮಗಳಿಗೆ ಬಾಗಿಲು ತೆರೆದು ಕೊಟ್ಟು, ಇನ್ನಾದರೂ ಈ ರಗಳೆ ಮುಗಿಯಿತೆಂದು ಉಸಿರು ಬಿಟ್ಟಳು. ಬಟ್ಟೆ ಹಿಂಡಿ ಮುಗಿಯುವಷ್ಟರಲ್ಲಿ ನಿಂಗಣ್ಣ ಮನೆಗೆ ಬಂದ. ಕೆಲಸದ ಹೊತ್ತಿನಲ್ಲಿ ಅವನು ಮನೆಗೆ ಬರುವವನಲ್ಲ. ಹಿಂದೆಯೇ ಕ್ಯಾಮೆರಾ ಹೊತ್ತ ಸೋನಾಲಿ.

"ಎಲ್ಲಿ ಹೋಗಿದ್ಲು ಕೇಳು ನಿನ್ನ ಮಗಳಿಗಿ" ಅಂದ ನಿಂಗಣ್ಣ. "ನಾಕಾಕ್ಕ ಬಂದಿದ್ಲು. ನಾ ಮಂದಿ ಕರಿಯೂ ನಾಕಾಕ್ಕ."

ದಿನಗೂಲಿಯವರು ಮುಂಜಾನೆ ಬುತ್ತಿ ಹಿಡಿದು ಬಂದು ನಿಲ್ಲುವ ನಾಕಾ ಅದು. ಮುಕಾದಮರು, ಕಂತ್ರಾಟದಾರರು ಬಂದು ತಮಗೆ ಬೇಕಾದವರನ್ನು ಆರಿಸಿ ಟೆಂಪೋ ಹತ್ತಿಸಿಕೊಂಡು ಹೋಗುತ್ತಾರೆ. ಅಲ್ಲಿ ಸೋನಾಲಿ ಹೆಗಲ ಮೇಲೆ ಅಷ್ಟು ದೊಡ್ಡ ಕ್ಯಾಮೆರಾ ಇಟ್ಟು ನಿಂತದ್ದೇ ತಡ, ಯಾವುದೋ ಆಫೀಸಿನವರು ಕಾಗದಪತ್ರ ಕೇಳಲು ಬಂದರೆಂದು ಅರ್ಧ ಮಂದಿ ಗಲ್ಲಿಗಳೊಳಗೆ ನುಗ್ಗಿದರು. ಉಳಿದರ್ಧ ಮಂದಿ ಟೀವಿಯವರು ಬಂದರೆಂದು ಸುತ್ತುಗಟ್ಟಿ, ಕೂಲಿ ಹಿಡಿದಿಟ್ಟ ಮುಕಾದಮರ ಹೆಸರು ಹೇಳತೊಡಗಿದರು. ನಿಂಗಣ್ಣನ ಕೈಗೆ ಆವತ್ತು ಆಳೇ ಸಿಗಲಿಲ್ಲ. ಸ್ಲ್ಯಾಬಿನ ಕೆಲಸ ನಿಂತು, ಎಲ್ಲರೆದುರು ಬಿಲ್ಡರನ ಮನುಷ್ಯನಿಂದ ಬೈಸಿಕೊಂಡು ಬಂದಿದ್ದ.

"ಅಲ್ಲಿಗೆ ಯಾಕ ಹೋಗಿದ್ದಿ?" ಗುರುಬಾಯಿ ಕೇಳಿದಳು. ಅವಳ ಕೈಯಿಂದ ನೀರು ಸೋರುತ್ತಿತ್ತು.

ಸೋನಾಲಿ ಕ್ಯಾಮೆರಾ ಕೆಳಗಿಟ್ಟು ಹೆಗಲು ಉಜ್ಜಿಕೊಂಡಳು. "ನನ್ನ ಫಿಲ್ಮ್ ಅದರದ್ದೇ ಅವ್ವಾ. ನಾಕಾ ಮೇಲೆ ನಿಲ್ಲೋ ಹೆಂಗಸರದ್ದು. ಪಹಲೇ ಸೇ ಅದೇ ಇತ್ತು."

"ಇಷ್ಟು ದೊಡ್ಡ ಮುಂಬೈದಾಗ ನಿನಗ ಮತ್ತೊಂದು ಜಾಗಾ ಸಿಗಲಿಲ್ಲ? ಸಮುದ್ರ ಅದ, ಬಾಗ ಅದ..."

"ಸಮುದ್ರ ಎಲ್ಲರೂ ತೆಗೀತಾರೆ. ಈ ನಾಕಾ ಮೇಲೆ ನೀನೂ ನಿಂತಿದ್ದೆ. ಆಯಿ ಹೇಳ್ಯಾಳ."

ಗುರುಬಾಯಿ ಅತ್ತೆಯ ಕಡೆ ತಿರುಗಿದಳು. ದೇವಕ್ಕ ಎಲೆಗೆ ಸುಣ್ಣ ಹಚ್ಚುತ್ತ, "ಕೂಸು ಕೇಳ್ತು, ಹೇಳಿದೆ. ಕಳವು ಮಾಡಿದ ಮಾತಲ್ಲಲ್ಲ" ಅಂದಳು.

ಕಳವಿನ ಮಾತಲ್ಲ, ನಿಜ. ಆದರೆ ಕ್ಯಾಂಟೀನಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಬಿಲ್ಡಿಂಗಿನ ಹೆಂಗಸರಿಗೂ ಗೊತ್ತಿರಲಿಲ್ಲ. ತಲೆ ಮೇಲೆ ಕಲಸಿದ ಸಿಮೆಂಟಿನ, ಗಿಲಾವಿನ ಬುಟ್ಟಿ ಹೊತ್ತ ದಿನಗಳ ಮೇಲೆ ಗುರುಬಾಯಿ ಸ್ವಂತ ಕೈಯಿಂದಲೇ ಮಣ್ಣು ಎಳೆದು ಕೂತಿದ್ದಳು. ಮಗಳು ಕಾಲೇಜಿಗೆ ಹೋದದ್ದು ಅದನ್ನು ಕೆದರಲಿಕ್ಕೇ ಎಂದು ಅವಳಿಗೆ ಅನಿಸಿತು.

"ನನ್ನ ಹೆಸರು, ನನ್ನ ಮಾರಿ ಅದ್ರಾಗ ಬರಕೂಡದು. ಬಂದ್ರ ಆ ಪೆಟಗಿ ಕಿಡಕಿಯಿಂದ ಕೆಳಗ ಒಗೀತೀನಿ" ಅಂದಳು. ಸೋನಾಲಿ ಚೀಲ ಎತ್ತಿಕೊಂಡು ಕಾಲೇಜಿಗೆ ಹೋದಳು.

ಅಲ್ಲಿಂದ ಮುಂದೆ ಆ ಕ್ಯಾಮೆರಾ ಮಂಚದ ಕೆಳಗೆ ಬಿದ್ದಿತು. ಗಂಡ ಅದನ್ನು ಹಿಂದಿರುಗಿಸಲು ಒಪ್ಪನು, ಮಗಳು ಅದನ್ನು ಮುಟ್ಟಳು. ಕಸ ಹೊಡೆಯುವಾಗಲೆಲ್ಲ ಎಳೆದು ಆಚೆ ಇಡುವುದು, ನೆಲ ಒರೆಸಿ ಮತ್ತೆ ತಳ್ಳುವುದು ಗುರುಬಾಯಿಯ ಪಾಲಿಗೆ ಬಂತು. ಮುಂದಿನ ವಾರ ಒಂದು ಮುಂಜಾನೆ ಎಳೆದದ್ದನ್ನು ಅವಳು ಮತ್ತೆ ಒಳಗೆ ತಳ್ಳಲಿಲ್ಲ.

"ಚಪ್ಪಲ ಹಾಕ್ಕೋ" ಅಂದಳು ಸೋನಾಲಿಗೆ. "ಮಲಾಡಕ್ಕ ಹೋಗೂಣು."

"ಅಪ್ಪಾಗೆ?"

"ಅಪ್ಪಗ ನಾ ಹೇಳ್ತೀನಿ. ಹಿಡಿ ಆ ಕಡೆ."

ದಾದರಿನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ತಾಯಿ ಮಗಳ ಕೈಗಳಿಗೆ ಬರೆ ಬಿದ್ದಿದ್ದವು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಪೆಟ್ಟಿಗೆ ನೋಡಿ ತಬಲಾನಾ ಎಂದು ಕೇಳಿದಳು, ಇನ್ನೊಬ್ಬಳು ಇಳಿಯುವಾಗ ಅದಕ್ಕೆ ಎಡವಿ ಇಬ್ಬರಿಗೂ ಸೇರಿಸಿ ಬೈದಳು. ಗುರುಬಾಯಿ ಮಲಾಡ್ ಬರುವವರೆಗೆ ಗಂಡನನ್ನು, ತಮ್ಮನನ್ನು, ಮಗಳನ್ನು, ಭಿಶಿಯನ್ನು ಸರದಿಯ ಮೇಲೆ ಮನಸ್ಸಿನಲ್ಲೇ ಬೈಯುತ್ತ ಬಂದಳು.

ಇಮಾಮಸಾಬರ ಅಂಗಡಿ ಅರ್ಧ ಖಾಲಿಯಾಗಿತ್ತು. ಪೆಟ್ಟಿಗೆ ಕಂಡ ಕೂಡಲೇ ಅವರು ಕೂತಲ್ಲಿಂದಲೇ ಕೈಯೆತ್ತಿದರು. "ಬಾ ತಂಗಿ. ಇದು ತಿರುಗಿ ಬರ್ತದಂತ ನನಗ ಗೊತ್ತಿತ್ತು. ನಿಂಗಣ್ಣಗ ಅವತ್ತೇ ಅಂದಿದ್ದೆ, ಕಾಲೇಜಿನ ಹುಡುಗಿಗಿ ಇದು ಬ್ಯಾಡೋ, ಭಾಳ ಭಾರ ಅಂತ. ಕೇಳ್ತಾನಂತೀ?"

"ಮತ್ತ ಯಾಕ ತಗೊಂಡ್ರು?" ಗುರುಬಾಯಿ ಕೇಳಿದಳು.

"ಮದುವ್ಯಾಗ ನೋಡ್ಯಾನಂತ. ಇದು ಹೆಗಲ ಮ್ಯಾಲ ಇದ್ದಾಂವ ಬಂದ್ರ ಎಂಥಾ ದೊಡ್ಡ ಮನಿಷ್ಯಾನೂ ಬಾಜೂಕ ಸರೀತಾನ. 'ಇಮಾಮಣ್ಣ, ನನ್ನ ಮಗಳಿಗಿ ಯಾರೂ ಸರಕೋ ಅನಬಾರದು. ಆಕಿ ಬಂದ್ರ ಮಂದಿ ಹಾದಿ ಬಿಡಬೇಕು' ಅಂದ. ಆ ಮಾತಿನ ಮ್ಯಾಲ ನಾ ಏನ ಹೇಳ್ಲಿ?"

ಸೋನಾಲಿ ಕ್ಯಾಮೆರಾದ ನೆತ್ತಿಗೆ ಅಂಟಿದ್ದ ಭಂಡಾರವನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ನಿಧಾನವಾಗಿ ಅಂದಳು: "ಅಪ್ಪಂದು ತಪ್ಪಿಲ್ಲ ಕಾಕಾ. ಲೇಕಿನ್ ನನಗೆ ಮಂದಿ ಹಾದಿ ಬಿಡೋದು ಬೇಡ. ಅವರು ಎಲ್ಲಿ ನಿಂತಾರ, ಅಲ್ಲೇ ನಿಂತಿರಬೇಕು. ನನ್ನ ನೋಡಿ ಓಡಬಾರದು."

ಇಷ್ಟು ವಾರಗಳಲ್ಲಿ ಮಗಳ ಬಾಯಿಂದ ಕ್ಯಾಮೆರಾದ ಬಗ್ಗೆ ಬಂದ ಮೊದಲನೆಯ ಗಟ್ಟಿ ಮಾತು ಅದು. ವಿಡಿಯೋದ ಹುಡುಗರು ಹೇಳಿಕೊಟ್ಟದ್ದಲ್ಲ.

ಇಮಾಮಸಾಬರು ಹಣ ಮರಳಿಸಿ, ಕೋಲೂರುತ್ತ ತಾವೇ ಸ್ಟೇಶನ್ನಿನ ಹತ್ತಿರದ ಕ್ಯಾಮೆರಾ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ದೊಡ್ಡದೊಡ್ಡವನ್ನು ಗಾಜಿನ ಮೇಲೆ ಇಡತೊಡಗಿದ. ಸೋನಾಲಿ ಅವನ್ನು ಪಕ್ಕಕ್ಕೆ ಸರಿಸಿ, ಅಂಗೈಯಲ್ಲಿ ಕೂರುವಂಥದ್ದು ಕೇಳಿದಳು. ನಾಲ್ಕಾರು ತೆಗೆಸಿ ಒಂದೊಂದನ್ನೂ ಎದೆಯ ಮಟ್ಟಕ್ಕೆ ಹಿಡಿದು ನೋಡಿದಳು, ಕಣ್ಣಿಗೆ ಹಚ್ಚಿದರೆ ಮಾತಾಡುವವರಿಗೆ ತನ್ನ ಮುಖ ಕಾಣುವುದಿಲ್ಲವಂತೆ. ಬಾಗಿಲಾಚೆ ಬಸ್ಸು ಹೋಗುವಾಗ ಗುರುಬಾಯಿಗೆ ಏನಾದರೂ ಮಾತಾಡಲು ಹೇಳಿ, ಮಾತು ಎಷ್ಟು ಕೇಳಿಸುತ್ತದೆಂದು ಕಿವಿಗೆ ಹಚ್ಚಿ ಕೇಳಿದಳು.

"ಏನ ಮಾತಾಡ್ಲಿ?"

"ಕುಛ್ ಭೀ."

"ನನಗ ಪಾಳಿಗಿ ಹೊತ್ತಾಗ್ತದ. ಜಲ್ದಿ ಮಾಡು" ಅಂದಳು ಗುರುಬಾಯಿ. ಕ್ಯಾಮೆರಾ ಅದನ್ನು ಸ್ಪಷ್ಟವಾಗಿ ಹಿಡಿದಿತ್ತು.

ಅಷ್ಟರಲ್ಲಿ ಶಶಿಕಾಂತನ ಫೋನು ಬಂತು. ಅಕ್ಕ ಮಲಾಡಿಗೆ ಬಂದದ್ದು ಅವನಿಗೆ ಹೇಗೋ ಗೊತ್ತಾಗಿತ್ತು. "ಈಗ ತಗೋಬ್ಯಾಡ್ರಿ, ದೀಪಾವಳಿಗಿ ಸೇಲ್ ಹತ್ತತದ. ಅಂಗಡ್ಯಾಂವಗ ಫೋನ್ ಕೊಡು, ನಾ ಸೆನ್ಸರಿಂದು ಕೇಳ್ತೀನಿ" ಅಂದ. ಗುರುಬಾಯಿ, "ಲೈಟು ಬಿದ್ದೀತು, ಗಟ್ಟಿ ಹಿಡಕೋ" ಎಂದು ಹೇಳಿ ಫೋನು ಬಂದ್ ಮಾಡಿ ಪರ್ಸಿಗೆ ಹಾಕಿದಳು.

ಕ್ಯಾಮೆರಾ ಅಂದುಕೊಂಡದ್ದಕ್ಕಿಂತ ಅಗ್ಗಕ್ಕೇ ಬಂತು. ಆದರೆ ಅದರ ಹಿಂದೆ ಮೈಕು, ಕಾರ್ಡು, ಇನ್ನೊಂದು ಬ್ಯಾಟರಿ, ಚೀಲ ಎಂದು ಒಂದೊಂದೇ ದಿಬ್ಬಣದವರ ಹಾಗೆ ಇಳಿಯುತ್ತ ಹೋಗಿ, ಕೊನೆಗೆ ಮಶೀನಿಗೆ ಏನಾದರೂ ಉಳಿದೀತೆಂಬ ಆಸೆಯೂ ಅಲ್ಲಿಯೇ ಮುಗಿಯಿತು.

ಮನೆಯಲ್ಲಿ ನಿಂಗಣ್ಣ ಆ ಪುಟ್ಟ ಕ್ಯಾಮೆರಾವನ್ನು ದೂರದಿಂದಲೇ ನೋಡಿದ. "ಇದಕ್ಕಿಂತ ನನ್ನ ಬುತ್ತಿ ಡಬ್ಬಿ ದೊಡ್ಡದದ" ಅಂದ. ತನ್ನದನ್ನು ತನಗೆ ಹೇಳದೆ ಕೊಟ್ಟು ಬಂದರೆಂಬುದು ಅವನಿಗೆ ಸರಿಯಾಗಿಯೇ ನಾಟಿತ್ತು. ಗುರುಬಾಯಿ ಇಮಾಮಸಾಬರ ಮಾತು ತೆಗೆದರೆ ಅವನು ಎದ್ದು ಹೊರಗೆ ಹೋಗುವನು. ಅಂದಿನಿಂದ ತಾಯಿ ಮಗಳಿಬ್ಬರ ಜೊತೆಗೂ ಮಾತು ಬಿಟ್ಟ. ಏನಿದ್ದರೂ ದೇವಕ್ಕನ ಮುಖಾಂತರ.

"ಅವ್ವಾ, ಸಾರಿಗಿ ಉಪ್ಪು ಕಮ್ಮಿ ಆಗ್ಯದಂತ ಹೇಳು."

"ಆಕಿ ಇಲ್ಲೇ ಕೂತಾಳಲ್ಲೋ."

"ನೀ ಹೇಳು."

"ಗುರುಬಾಯಿ, ಉಪ್ಪು ಕಮ್ಮಿ ಅಂತ."

"ಉಪ್ಪಿನ ಡಬ್ಬಿ ಅವರ ಮಗ್ಗಲದಾಗೇ ಅದ ಅಂತ ಹೇಳ್ರಿ ಅತ್ತಿ."

"ನಾನೇನ ಟಪಾಲಿನಾಕಿ ಏನು?" ಎಂದು ದೇವಕ್ಕ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಉಂಡಳು. ಗುರುಬಾಯಿಗೆ ಈ ಮೂಕಾಟಕ್ಕಿಂತ ಹಿಂದಿನ ಜಗಳವೇ ವಾಸಿ ಅನಿಸಿತು. ಜಗಳದಲ್ಲಿ ಕಡೇಪಕ್ಷ ಉತ್ತರ ಬರುತ್ತಿತ್ತು.

ಇತ್ತ ಸೋನಾಲಿಯ ಶೂಟಿಂಗೂ ಮುಂದೆ ಸಾಗಲಿಲ್ಲ. ಹೊಸ ಕ್ಯಾಮೆರಾ ನೋಡಿ ನಾಕಾದಲ್ಲಿ ಯಾರೂ ಓಡಲಿಲ್ಲ, ಆದರೆ ಯಾರೂ ಮಾತಾಡಲೂ ಇಲ್ಲ. ಆಕೆ ತೆಗೆದು ತಂದದ್ದನ್ನು ಗುರುಬಾಯಿ ಬೇಳೆ ಆರಿಸುತ್ತ ಕಣ್ಣಂಚಿನಲ್ಲಿ ನೋಡಿದಳು. ಬೆನ್ನುಗಳು, ಮೊಣಕೈಗಳು, ಮುಖದ ತುಂಬ ಎಳೆದ ಸೆರಗುಗಳು. ಹಿಂದಿನಿಂದ ಮಗಳ ದನಿ: "ಮೌಸಿ, ಆಪ್‌ಕೋ ಯಹಾಂ ಖಡೇ ರಹಕೇ ಕೈಸಾ ಲಗತಾ ಹೈ?"

"ಇದೇನ ಕೇಳೂ ಮಾತೇನು?" ಗುರುಬಾಯಿಗೆ ತಡೆಯಲಾಗಲಿಲ್ಲ. "ಕೈಸಾ ಲಗತಾ ಹೈ ಅಂತ. ಹೆಂಗ ಅನಸ್ತದ, ಕಾಲ ನೋಯ್ತಾವ. ಮೊದಲ ಯಾವೂರು ಕೇಳಬೇಕು, ಕೂಸು ಯಾರ ಹಂತೇಲಿ ಬಿಟ್ಟು ಬಂದಿ ಅಂತ ಕೇಳಬೇಕು."

"ನನಗೆ ಹಂಗ ಕೇಳಲಿಕ್ಕೆ ಬರೋದಿಲ್ಲ. ಅವರು ಕನ್ನಡಾ ಬಹುತ್ ಫಾಸ್ಟ್ ಮಾತಾಡ್ತಾರ. ನೀ ಬಾ."

"ನಾ ಬರೂದಿಲ್ಲ ಅಂತ ಹೇಳೀನಲ್ಲ."

"ಹಿಂದೆ ನಿಲ್ಲು. ನಿನ್ನ ಮುಖ ಬರೋದಿಲ್ಲ. ಅವರಿಗೆ ಬರೀ ಕೇಳು."

ಗುರುಬಾಯಿ ಎರಡು ದಿನ ಬಿಗಿದುಕೊಂಡಿದ್ದಳು. ಮೂರನೆಯ ದಿನವೂ ಅದೇ ಬೆನ್ನು, ಅದೇ ಮೊಣಕೈ ನೋಡಿ ರೋಸಿಹೋಗಿ, ಮರುದಿನ ಚಹಾ ಕುಡಿದವಳೇ ಮಗಳ ಹಿಂದೆ ಹೊರಟಳು.

ನಾಕಾ ಬದಲಾಗಿತ್ತು. ಮೇಲೆ ಸೇತುವೆ ಬಂದಿತ್ತು, ಚಹಾದ ಗಾಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿತ್ತು. ಆದರೆ ಹೆಂಗಸರು ನಿಲ್ಲುವ ಜಾಗ ಮಾತ್ರ ಅದೇ, ಗಟಾರದ ಕಟ್ಟೆಯ ಪಕ್ಕ. ನಿಂಗಣ್ಣ ರಸ್ತೆಯಾಚೆ ಟೆಂಪೋದವನೊಡನೆ ಮಾತಾಡುತ್ತಿದ್ದ. ಹೆಂಡತಿಯನ್ನು ಕಂಡು ಮುಖ ತಿರುಗಿಸಿದ.

ಗುರುಬಾಯಿ ನಡುವಯಸ್ಸಿನ ಒಬ್ಬಳ ಹತ್ತಿರ ಹೋಗಿ ಊರು ಕೇಳಿದಳು. ತಾಳಿಕೋಟಿ ಕಡೆಯವಳು, ಹೆಸರು ಇಮಾಮಬಿ. ಊರು ಹೆಸರು ಹೇಳಿದಳು, ಅಷ್ಟಕ್ಕೇ ನಿಂತಳು. ಗುರುಬಾಯಿಯ ಇಸ್ತ್ರಿ ಮಾಡಿದ ಸೀರೆಯನ್ನು, ಹೆಗಲ ಪರ್ಸನ್ನು ಮೇಲೆ ಕೆಳಗೆ ನೋಡಿ, "ನೀವು ಬಿಲ್ಡಿಂಗಿನ ಮಂದಿ. ನಮ್ಮದು ಕೇಳಿ ಏನ ಮಾಡ್ತೀರಿ? ಇಲ್ಲಿ ನಿಂತೀರೇನು ಒಂದು ದಿನಾರೆ?" ಅಂದಳು.

ಗುರುಬಾಯಿಗೆ ಅದು ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. "ನಿಂತಿಲ್ಲಂತ ನಿನಗ್ಯಾರ ಹೇಳ್ಯಾರ?" ಅಂದಳು. "ನೀ ನಿಂತಿಯಲ್ಲ, ಇದೇ ಕಟ್ಟಿ ಮಗ್ಗಲದಾಗ ನಿಂತೀನಿ." ಹೇಳತೊಡಗಿದವಳು ನಿಲ್ಲಿಸಲಿಲ್ಲ. ತನ್ನೂರು ಇಂಡಿಯಿಂದ ಬಂದದ್ದು, ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಮಲಗಿದ್ದು, ಗಿಲಾವು ಹೊತ್ತು ಮೊದಲ ದಿನ ಬಿದಿರಿನ ಅಟ್ಟಣಿಗೆ, ಪರಾಂಚಿ, ಹತ್ತುವಾಗ ಕಾಲು ನಡುಗಿದ್ದು, ಕೂಲಿ ಮುಳುಗಿಸಿ ಓಡಿಹೋದ ಮುಕಾದಮನನ್ನು ಎಲ್ಲ ಹೆಂಗಸರು ಸೇರಿ ಸ್ಟೇಶನ್ನಿನಲ್ಲಿ ಹಿಡಿದದ್ದು. ಹೆಂಗಸರು ಸೆರಗು ಸರಿಸಿ ಹತ್ತಿರ ಬಂದರು. ಇಮಾಮಬಿ ನಡುನಡುವೆ, "ಈಗೂ ಹಂಗೇ ಅದ ಅಕ್ಕಾ" ಎಂದು ತನ್ನದನ್ನೂ ಸೇರಿಸಿದಳು. ಗುರುಬಾಯಿ ಮಾತು ಮುಗಿಸಿ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದಳು. ಸೋನಾಲಿ ಕ್ಯಾಮೆರಾ ಎದೆಗೆ ಹಿಡಿದು ಬಾಯಿ ತೆರೆದು ನಿಂತಿದ್ದಳು.

"ನನ್ನ ಮಾರಿ ಬಂತೇನು?"

"ಅವ್ವಾ..." ಸೋನಾಲಿ ಕ್ಯಾಮೆರಾ ನೋಡಿದಳು. "ಏನೂ ಬಂದಿಲ್ಲ."

"ಬಂದಿಲ್ಲಂದ್ರ?"

"ನಾ ಕೇಳ್ತಾ ನಿಂತೆ. ರೆಕಾರ್ಡ್ ಒತ್ತೋದೇ ಮರೆತೆ."

ಬರಬಾರದೆಂದವಳು ತಾನೇ, ಬಾರದ್ದಕ್ಕೆ ಗುರುಬಾಯಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಎರಡು ತಿಂಗಳು ಮನಿಮಂದಿನೆಲ್ಲ ಕುಣಿಸಿದಿ. ಮಲಾಡಕ್ಕ ಹೊರಸಿದಿ. ನಿಮ್ಮಪ್ಪ ಮಾತು ಬಿಟ್ಟ. ಕಡೀಕ ಒಂದು ಬಟನ್ ಒತ್ತಲಿಕ್ಕಿ ಬರಲಿಲ್ಲ ನಿನಗ?"

"ಸಾರೀ ಅವ್ವಾ. ಈಗ ಒತ್ತೀನಿ. ಮತ್ತೊಮ್ಮೆ ಹೇಳು."

"ಮತ್ತೇನ ಹೇಳ್ಲಿ? ಹೇಳಿದ್ದೇ ಹೇಳ್ಲಿಕ್ಕಿ ನಾಟಕದ ಕಂಪನಿ ಅದ ಏನು?" ಅವಳ ದನಿ ಏರಿತ್ತು. ಆ ಸಿಟ್ಟಿನಲ್ಲೇ, ಮೊದಲ ಸಲ ಹೇಳದೆ ಬಿಟ್ಟದ್ದು ಬಾಯಿಗೆ ಬಂತು. "ಖರೇದು ಬೇಕಂದ್ರ ಇದು ಹಿಡಿ. ಆಗ ನಾನೂ ನಿಮ್ಮಪ್ಪನೂ ಇಬ್ಬರೂ ಇಲ್ಲೇ ನಿಲ್ತಿದ್ವಿ, ಒಂದು ವಾರ ಕೆಲಸಿರಲಿಲ್ಲ. ಅವತ್ತು ಮುಕಾದಮ ಬಂದು ನನ್ನೊಬ್ಬಾಕೀನ್ನ ಕರದ. ಹೆಣಮಕ್ಕಳಿಗಿ ಕೂಲಿ ಕಮ್ಮಿ, ಅದಕ. ನಿಮ್ಮಪ್ಪಗ ಬ್ಯಾಡ ಅಂದ. ನೀ ಮೊಲಿ ಕುಡಿಯೂ ಕೂಸು. ನಿನ್ನ ನಿಮ್ಮಪ್ಪನ ಕೈಯಾಗ ಕೊಟ್ಟು ಟೆಂಪೋ ಹತ್ತಿದೆ. ಸಂಜೀಕ ಬಂದು ನೋಡ್ತೀನಿ, ಬಿಟ್ಟು ಹೋದ ಜಾಗಾದಾಗೇ ನಿಮ್ಮಪ್ಪ ನಿಂತಾರ. ನೀ ಹೆಗಲ ಮ್ಯಾಲ ಮಲಗೀದಿ. ಕಟ್ಟಿ ಬಾಜೂಕೇ ಅದ, ಯಾಕ ಕೂಡಲಿಲ್ಲಂತ ಕೇಳಿದೆ. 'ಕೂತಾಂವ ಮೈಗಳ್ಳ ಅಂತ ಯಾರೂ ಕರಿಯೂದಿಲ್ಲ' ಅಂದ್ರು. ಕೂಸು ಹೊತ್ತಾಂವಗ ಯಾರು ಕೆಲಸಾ ಕೊಡ್ತಾರ? ಗೊತ್ತಿದ್ದೂ ದಿನಾಪೂರ್ತಿ ನಿಂತಾರ. ಅದಕ, ಈಗ ತಾವೇ ಮುಕಾದಮ ಆದ ಮ್ಯಾಲ, ಗಂಡಾ ಹೆಂಡ್ತಿ ನಿಂತ್ರ ಇಬ್ಬರ್ನೂ ಕರೀತಾರ, ಒಬ್ಬರ್ನ ಬಿಡೂದಿಲ್ಲ. ಧಂದೆ ತಿಳಿಯೂದಿಲ್ಲಂತ ಮಂದಿ ನಗ್ತಾರ. ನಾನೂ ಬೈದೀನಿ. ಯಾಕ ಹಂಗ ಮಾಡ್ತಾರಂತ ಗೊತ್ತಿದ್ದೂ ಬೈದೀನಿ."

ಹೆಂಗಸರ ಹಿಂದಿನಿಂದ ಗಂಡಸಿನ ದನಿ ಬಂತು.

"ಸುಳ್ಳು."

ನಿಂಗಣ್ಣ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ ತಿಳಿಯದು. ಮುಖ ಕೆಂಪಾಗಿತ್ತು.

"ಯಾವುದು ಸುಳ್ಳು?" ಗುರುಬಾಯಿ ಅದೇ ಏರುದನಿಯಲ್ಲಿ ಕೇಳಿದಳು.

"ದಿನಾಪೂರ್ತಿ ನಿಂತಿಲ್ಲ. ನಡುವ ಕೂಸು ಹಸದು ಅಳ್ಳಿಕ್ಕಿ ಹತ್ತಿತು. ಹಾಲು ತರ್ಲಿಕ್ಕಿ ಹೋದೆ. ತಿರುಗಿ ಬರೂದ್ರಾಗ ಒಬ್ಬ ಸೇಠ ಬಂದು ನಿಂತವ್ರನ್ನೆಲ್ಲ ಕರಕೊಂಡು ಹೋಗಿದ್ದ. ಕೂಸಿದ್ದಾಂವಗೂ ಕೆಲಸಾ ಕೊಡ್ತಿದ್ದನಂತ, ಕಾಯೂ ಕೆಲಸಿತ್ತಂತ."

"ಇದನ್ನ ನನಗ ಎಂದ ಹೇಳೀರಿ?"

"ನೀ ಎಂದ ಕೇಳೀದಿ?"

ಟೆಂಪೋದವನು ಆಚೆಯಿಂದ ಹಾರ್ನ್ ಹೊಡೆದ. ನಿಂಗಣ್ಣ ಹಿಂತಿರುಗಿ ನೋಡಲಿಲ್ಲ. ಸೋನಾಲಿ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿದೆಯೇ ಎಂದು ಈ ಸಲ ಎರಡೆರಡು ಬಾರಿ ನೋಡಿಕೊಂಡಳು.

"ಅಪ್ಪಾ" ಅಂದಳು ಮೆಲ್ಲಗೆ, "ನೀ ಅಲ್ಲಿ ನೆರಳಿನಾಗ ಇದ್ದೀ."

ನಿಂಗಣ್ಣ ಮಗಳ ಮುಖ ನೋಡಿದ. ದೇವಕ್ಕ ಅಲ್ಲಿರಲಿಲ್ಲ, ಮಾತು ದಾಟಿಸಲು ಯಾರೂ ಇರಲಿಲ್ಲ.

"ಮತ್ತ ಎಲ್ಲಿ ನಿಂದರ್ಲಿ?" ಅಂದ.

"ಅವ್ವನ ಬಾಜೂಕ."

ಅವನು ಬಂದು ನಿಂತ. ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಕಟ್ಟಿದ. "ಸಿಮೆಂಟಿನ ಅಂಗಿ, ನನ್ನ ಸೀರಿಗಿ ಹಚ್ಚಬ್ಯಾಡ್ರಿ" ಎಂದು ಗುರುಬಾಯಿ ಗೊಣಗಿದಳು. ಆದರೆ ಅತ್ತ ಸರಿಯಲಿಲ್ಲ. ಸೋನಾಲಿ ಏನೋ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ ಗುರುಬಾಯಿ ಗಂಡನ ಕಡೆ ತಿರುಗಿ ತಾನೇ ಕೇಳಿದಳು:

"ಹಾಲು ಎಲ್ಲಿ ಸಿಕ್ಕಿತು ಅವತ್ತು? ರೊಕ್ಕ ಯಾರು ಕೊಟ್ರು?"

ನಿಂಗಣ್ಣ ಗಂಟಲು ಸರಿಮಾಡಿಕೊಂಡು ಹೇಳಲು ತೊಡಗಿದ.